ಕದಿರಮ್ಮತ್ತೆ ತಂದ ಕಾಗದ

ಕದಿರಮ್ಮತ್ತೆ ಗಣಿಯ ಪರಂಗಿ ದೊರೆಯ ಬಂಗಲೆಯಲ್ಲಿ ಏನು ಕೆಲಸ ಮಾಡುತ್ತಿದ್ದಳು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಆಗ ನನಗೆ ಹತ್ತು ವರ್ಷ. ಗೊತ್ತಾದ ಮೇಲೆ ನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದನ್ನು ನನ್ನ ದೊಡ್ಡತನ ಎಂದು ಯಾರೂ ತಿಳಿಯಬೇಡಿ. ನನ್ನ ದೊಡ್ಡತನ ಎಷ್ಟರದ್ದೆಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅವಳು ನಮ್ಮಪ್ಪ ದೊಡ್ಡವೆಂಕಟಪ್ಪನ ಒಬ್ಬಳೇ ತಂಗಿ. ನಮ್ಮೂರು ಬೂದಿಕೋಟೆಯಿಂದ ಎರಡು ಮೈಲಿ. ಎರಡೆಕರೆ ಹೊಲ, ನಾಲ್ಕು ದನ, ಗೋಡೆಗೆ ಆಂಜನೇಯನ ಪಟ, ಅಷ್ಟೇ ನಮ್ಮ ಸಂಸಾರ. ಅತ್ತೆಯನ್ನು ನಂದಿದುರ್ಗದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಆಂಜಿನಪ್ಪ ಎಂಬುವನಿಗೆ ಕೊಟ್ಟಿದ್ದರು. ೧೯೫೧ರಲ್ಲಿ ಒಳಗೆ ಬಂಡೆ ಸಿಡಿದು ಅವನು ಹೋದ. ಮಕ್ಕಳಿರಲಿಲ್ಲ. ಗಣಿ ಕೂಲಿಗಳ ಲೈನಿನಲ್ಲಿ ಅವರಿಗಿದ್ದದ್ದು ಬಿದಿರು ತಟ್ಟಿಯ ಗೋಡೆಯ ಒಂದೇ ಕೋಣೆ. ಮನೆಯಲ್ಲೊಬ್ಬರಿಗೆ ಕೆಲಸ ಇದ್ದರೆ ಕೋಣೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪ ಕರೆದುಕೊಂಡು ಬರಲು ಹೋದರೆ ಅವಳು ಬರಲಿಲ್ಲ.

"ತವರಲ್ಲಿ ಎಷ್ಟು ದಿನಾಂತ ಕೂತ್ಕೊಂಡು ಉಣ್ಲಿ ಅಣ್ಣಾ? ಕೆಲ್ಸ ಸಿಕ್ಕೈತೆ. ದೊರೆ ಬಂಗ್ಲೇಲಿ ಸ್ನಾನದ ಅಂಡೆಗೆ ಉರಿ ಆಕೋದು" ಎಂದಳಂತೆ.

ಅಪ್ಪ ಊರಿಗೆ ಬಂದು ಅರಳಿಕಟ್ಟೆಯಲ್ಲಿ ಕೂತವರಿಗೆಲ್ಲ ಹೇಳಿದ. ನಮ್ಮ ಕದಿರಿ ದೊರೆಗೆ ಬಿಸಿನೀರು ಕಾಯಿಸ್ತಾಳೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಯುವ ಜಾತಿ ನಮ್ಮದು. ಬಿಸಿನೀರಿನ ಆ ಒಂದು ಮಾತಿನಲ್ಲಿ ನಮ್ಮ ಮನೆತನಕ್ಕೇ ಗಣಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿದಂತಾಯಿತು.

ಅವಳು ಹೇಳಿದ್ದು ಸುಳ್ಳಲ್ಲ. ಅರ್ಧ ಮಾತ್ರ ಹೇಳಿದ್ದಳು.

೧೯೫೫ರ ಬೇಸಿಗೆ ರಜೆಯಲ್ಲಿ ನಾನು ಅವಳ ಜೊತೆ ಹದಿನೈದು ದಿನ ಇದ್ದೆ. ಒಂದು ಬೆಳಿಗ್ಗೆ ಅವಳ ಹಿಂದೆಯೇ ಬಂಗಲೆಗೆ ಹೋದೆ. ಹಿತ್ತಲಿನಲ್ಲಿ ಹಂಡೆ ಇತ್ತು, ಉರಿಯೂ ಇತ್ತು. ಅತ್ತೆ ನೀರು ತುಂಬಿಸಿಕೊಂಡು ಒಳಗೆ ಹೋದಳು, ನಾನೂ ನುಗ್ಗಿದೆ. ಆ ಸ್ನಾನದ ಮನೆ ನಮ್ಮ ನಡುಮನೆಯಷ್ಟು ದೊಡ್ಡದು. ಒಂದು ಕಡೆ ಮನುಷ್ಯ ಮಲಗುವಷ್ಟು ಉದ್ದದ ತೊಟ್ಟಿ. ಇನ್ನೊಂದು ಮೂಲೆಯಲ್ಲಿ ಮರದ ಕುರ್ಚಿ, ಕುರ್ಚಿಯ ನಡುವೆ ತೂತು, ತೂತಿನ ಕೆಳಗೆ ಪಿಂಗಾಣಿಯ ಪಾತ್ರೆ. ಪಕ್ಕದ ಗೋಡೆಗೆ ಬಿಳಿ ಕಾಗದದ ಸುರುಳಿ, ಅದರ ಕೆಳಗೆ ಮುಚ್ಚಳದ ತಗಡಿನ ಡಬ್ಬ.

ಅದು ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮೂರಲ್ಲಿ ಚೊಂಬು ಹಿಡಿದು ಕೆರೆಯ ಆಚೆ ದಿಬ್ಬಕ್ಕೆ ಹೋಗುತ್ತಿದ್ದೆವು, ಬಂದವರು ಕಾಲು ತೊಳೆಯದೆ ಹೊಸಿಲು ತುಳಿಯುವಂತಿರಲಿಲ್ಲ. ಇವರು ನೋಡಿದರೆ ಸ್ನಾನ ಮಾಡುವ ಕೋಣೆಯೊಳಗೇ! ಅತ್ತೆ ನನ್ನ ಮುಖ ನೋಡಿದಳು. ಪಾತ್ರೆ ಎತ್ತಿದಳು, ಹೊರಗಿನ ಬಕೆಟ್ಟಿಗೆ ಸುರಿದಳು, ಬೂದಿ ಹಾಕಿ ತಿಕ್ಕಿದಳು. ಬಕೆಟ್ಟಿನದು ಗಾಡಿಯಲ್ಲಿ ಗೊಬ್ಬರಕ್ಕೆ ಹೋಗುತ್ತಿತ್ತು. ಅದರಲ್ಲಿ ಕಾಗದ ಸೇರಬಾರದು, ಅದಕ್ಕೇ ಒರೆಸಿದ ಕಾಗದಕ್ಕೆ ಬೇರೆ ಡಬ್ಬ. ದಿನಕ್ಕೆರಡು ಸಲ ಅವಳು ಆ ಡಬ್ಬವನ್ನು ಹಿತ್ತಲ ಗುಂಡಿಗೆ ಒಯ್ದು ಬೆಂಕಿ ಕೊಡಬೇಕು, ಪೂರ್ತಿ ಸುಡುವ ತನಕ ಕೋಲಿನಿಂದ ಕೆದಕುತ್ತ ನಿಂತಿರಬೇಕು, ಗಾಳಿಗೆ ಒಂದು ಚೂರೂ ಹೂದೋಟಕ್ಕೆ ಹಾರಬಾರದು.

"ಮಲ ಎತ್ತೋದು ಎಂಟು ದಿನದಾಗೆ ರೂಢಿ ಆಯ್ತು ಕಣೇ. ಕಾಗ್ದ ಸುಡೋದು ಮಾತ್ರ ವರ್ಷ ಹಿಡೀತು. ಸರಸ್ವತಿ ಅಂತಾರಲ್ಲ" ಎಂದಳು. ಅಷ್ಟು ಹೇಳಿ ಮತ್ತೆ ಕೆದಕತೊಡಗಿದಳು. ನಾನು ಹೊಗೆಯ ನಾತ ತಾಳಲಾರದೆ ಬೇಲಿಯ ಬಳಿಗೆ ಓಡಿದೆ. ಅವಳು ಹೊಗೆಯ ನಡುವೆಯೇ ನಿಂತಿದ್ದಳು. ಅವಳಿಗೆ ವಾಸನೆ ಹಿಡಿಯುವುದೇ ನಿಂತುಹೋಗಿತ್ತಂತೆ. ಸಾರಿಗೆ ಹಾಕಿದ ಒಗ್ಗರಣೆಯೂ ಗೊತ್ತಾಗುವುದಿಲ್ಲ, ಮಲ್ಲಿಗೆಯೂ ಗೊತ್ತಾಗುವುದಿಲ್ಲ. ಅದನ್ನೂ ಅವಳು ಬೇರೆ ಯಾರದೋ ಸಂಗತಿಯಂತೆ ಹೇಳಿದಳು.

ಬಂಗಲೆಯ ಬಟ್ಲರ್ ಕುಪ್ಪುಸ್ವಾಮಿ ಅಡುಗೆ ಮನೆಯ ಮೆಟ್ಟಿಲ ಮೇಲೆ ಕೂತು ನನ್ನ ಅವಸ್ಥೆ ನೋಡಿ ನಗುತ್ತಿದ್ದ. ಅವನು ಯುದ್ಧದ ಕಾಲದಲ್ಲಿ ಪಟಾಲಮ್ಮಿಗೆ ಅಡುಗೆ ಮಾಡುತ್ತ ದೇಶದೇಶ ತಿರುಗಿದವನು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮಾತಿಗೆ ಕೂತರೆ ಎದ್ದೇಳುತ್ತಿರಲಿಲ್ಲ.

"ಎನ್ನ ಪಾಪಾ, ಇದಕ್ಕೇ ಓಡ್ತೀಯಾ? ನಾನು ಎಷ್ಟು ದೇಶದ ಕಕ್ಕಸು ನೋಡಿದೀನಿ ಗೊತ್ತಾ? ಮರಳುಗಾಡಲ್ಲಿ ನೀರಿಲ್ಲ, ಅಲ್ಲಿ ಮರಳೇ ಗತಿ. ಇಟಲೀಲಿ ಹಳೇ ನ್ಯೂಸ್ ಪೇಪರ್ ಚೌಕಚೌಕ ಕತ್ತರಿಸಿ ಮೊಳೆಗೆ ಚುಚ್ಚಿರ್ತಾರೆ. ಹಡಗಲ್ಲಿ ಚೈನ್ ಎಳೆದ್ರೆ ಎಲ್ಲಾ ಸಮುದ್ರಕ್ಕೆ ಪೋಚ್ಚು. ಕೆಲವು ಊರಲ್ಲಿ ಪೈಪು ಕಟ್ಕೊಳುತ್ತೆ ಅಂತ ಪೇಪರ್ನ ಬುಟ್ಟೀಲಿ ಹಾಕ್ತಾರೆ, ನಮ್ಮ ದೊರೆ ತರ. ನಮ್ಮ ಚೊಂಬು ನೋಡಿ ದೊರೆಸಾನಿ ಥೂ ಅಂತಾಳೆ. ಅವಳ ಪೇಪರ್ ನೋಡಿ ನಾವು ಥೂ ಅಂತೀವಿ. ಥೂ ಅನ್ನೋದೊಂದು ಎಲ್ಲಾ ದೇಶದಲ್ಲೂ ಇದೆ ಪಾ."

ನಾನು ಊರಿಗೆ ಹೊರಟ ದಿನ ಅತ್ತೆ ಬಸ್ಸಿನ ಹತ್ತಿರ ನನ್ನ ರಟ್ಟೆ ಹಿಡಿದಳು. "ಊರಾಗೆ ಅಂಡೆ ವಿಷ್ಯ ಒಂದೇ ಏಳು. ಉಳಿದದ್ದು ಏಳಿದ್ರೆ ನಿಮ್ಮಪ್ಪ ನನ್ನ ಕೈಲಿ ಒಂದು ಲೋಟ ನೀರೂ ಇಸ್ಕೊಳ್ಳಲ್ಲ. ನಂಗಿರೋದು ಅದೊಂದೇ ಮನೆ."

ನಾನು ಹಂಡೆಯ ವಿಷಯ ಮಾತ್ರ ಹೇಳಿದೆ. ಹಂಡೆ ತಾಮ್ರದ್ದು, ನಮ್ಮ ಕಣಜದಷ್ಟು ದೊಡ್ಡದು ಎಂದೂ ಸೇರಿಸಿದೆ.

ಆಮೇಲೆ ಗಣಿ ಸರ್ಕಾರದ ಕೈಗೆ ಬಂತು. ದೊರೆಗಳು ಒಬ್ಬೊಬ್ಬರಾಗಿ ಗಂಟು ಕಟ್ಟಿದರು. ೧೯೫೭ರಲ್ಲಿ ಆ ಬಂಗಲೆಗೆ ನಮ್ಮವರೇ ಒಬ್ಬ ಇಂಜಿನಿಯರು ಬಂದರು. ಅವರ ಹೆಂಡತಿ ವರಲಕ್ಷ್ಮಮ್ಮನವರು ಕಾಲಿಟ್ಟ ದಿನವೇ ಮೂಗಿಗೆ ಸೆರಗು ಹಿಡಿದು ಮರದ ಕುರ್ಚಿಯನ್ನು ಹೊರಗೆ ಹಾಕಿಸಿದರಂತೆ. "ಛೀ, ಕಾಗದದಲ್ಲಿ ಒರೆಸಿಕೊಂಡು ಅದು ಹೇಗೆ ಊಟಕ್ಕೆ ಕೂರುತ್ತಿದ್ದರೋ!" ಎಂದರಂತೆ. ಹಿತ್ತಲಿನಲ್ಲಿ ಗುಂಡಿ ತೋಡಿಸಿ, ನೀರು ಸುರಿದರೆ ತಾನೇ ಹೋಗುವ ಕಕ್ಕಸು ಕಟ್ಟಿಸಿದರು. ಒಂದು ತಂಬಿಗೆ, ಒಂದು ನಲ್ಲಿ, ಮುಗಿಯಿತು. ಕಾಗದವಿಲ್ಲ, ಡಬ್ಬವಿಲ್ಲ, ಸುಡಲು ಏನೂ ಇಲ್ಲ. ಅತ್ತೆ ಹಂಡೆಯ ಕೆಲಸವಾದರೂ ಉಳಿಯಲಿ ಎಂದು ಕೇಳಿದಳು. ಅಮ್ಮನವರು ಮರ್ಯಾದೆಯಾಗಿಯೇ ಹೇಳಿದರಂತೆ, "ಇಷ್ಟು ವರ್ಷ ಆ ಕೆಲಸ ಮಾಡಿದ ಕೈ ಅಲ್ಲವೇನಮ್ಮ, ನಾವು ಮಡಿಗೆ ಆ ನೀರನ್ನೇ ಹುಯ್ದುಕೊಳ್ಳಬೇಕಲ್ಲ."

ನೋಡಿ, ಪರಂಗಿಯವರು ಕಾಗದದಲ್ಲಿ ಒರೆಸಿಕೊಂಡದ್ದರಿಂದ ನಮ್ಮತ್ತೆಗೆ ಆರು ವರ್ಷ ತಲೆಯ ಮೇಲೆ ಸೂರಿತ್ತು. ನಮ್ಮವರು ನೀರಿನಲ್ಲಿ ತೊಳೆದುಕೊಂಡರು, ಸೂರು ಹೋಯಿತು. ಇದಕ್ಕೆ ಯಾರನ್ನು ಬೈಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ, ಬೈಯಬೇಕೆಂದಂತೂ ಇದೆ.

ದೊರೆಸಾನಿ ಹೊರಡುವಾಗ ಅತ್ತೆಗೆ ಒಂದು ಕಂಬಳಿ, ಒಂದು ಪಿಂಗಾಣಿ ಬಟ್ಟಲು, ಮತ್ತೆ ಉಗ್ರಾಣದಲ್ಲಿ ಉಳಿದಿದ್ದ ಒಂದು ಮರದ ಪೆಟ್ಟಿಗೆ ಕೊಟ್ಟಿದ್ದಳು. ಪೆಟ್ಟಿಗೆಯೊಳಗೆ ಮುಟ್ಟದ, ಬಿಚ್ಚದ, ಹೊಚ್ಚಹೊಸ ಕಾಗದದ ಸುರುಳಿಗಳು, ಎರಡು ಡಜನ್ನು. ಎಸೆಯಲು ಅತ್ತೆಗೆ ಮನಸ್ಸು ಬರಲಿಲ್ಲ. ಬಳಸಿದ್ದನ್ನು ಸುಟ್ಟದ್ದೇ ಸಾಕು, ಹೊಸದನ್ನು ಯಾಕೆ ಸುಡಲಿ ಎಂದುಕೊಂಡಳೋ ಏನೋ. ಬಂಗಾರಪೇಟೆಯಲ್ಲಿ ಬಸ್ಸು ಬದಲಾಯಿಸಿ, ಬೂದಿಕೋಟೆಯಿಂದ ಎರಡು ಮೈಲಿ ತಲೆಯ ಮೇಲೆ ಹೊತ್ತು ಮನೆಗೆ ಬಂದಳು.

ನಮ್ಮಮ್ಮನಿಗೆ ಆ ವರ್ಷ ಸೊಂಟ ನೋವು. ಅತ್ತೆ ಬಂದದ್ದೇ ಒಲೆ ಅವಳ ಕೈಗೆ ಹೋಯಿತು. ಅವಳು ತಿರುವಿದ ಮುದ್ದೆಯಲ್ಲಿ ಹುಡುಕಿದರೂ ಒಂದು ಗಂಟು ಸಿಗುತ್ತಿರಲಿಲ್ಲ. ಉಪ್ಪುಹುಳಿ ಮಾತ್ರ ನನ್ನನ್ನು ಕರೆದು ಕೇಳುತ್ತಿದ್ದಳು. ಅಪ್ಪ ಉಂಡೆದ್ದು, "ನಮ್ಮವ್ವನ ಕೈ ನಿಂದು ಕದಿರೀ" ಎನ್ನುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖದಲ್ಲಿ ಒಂದಿಷ್ಟು ಜೀವ ಕಾಣುತ್ತಿತ್ತು. ಉಳಿದ ಹೊತ್ತು ಕಲ್ಲು.

ಪೆಟ್ಟಿಗೆ ಬಿಚ್ಚಿದವನು ಅಪ್ಪ. ಸುರುಳಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲು ತುಸು ಒರಟು, ಮಧ್ಯೆ ಮಧ್ಯೆ ತೂತುಗಳ ಸಾಲು. ಮೂಸಿ ನೋಡಿದ. ಕ್ರಿಮಿ ಸಾಯಲೆಂದು ಆ ಕಾಗದಕ್ಕೆ ಏನೋ ಔಷಧಿ ಹಾಕಿರುತ್ತಿದ್ದರು.

"ಅಹಹಾ, ಪಚ್ಚಕರ್ಪೂರ!" ಎಂದ ಅಪ್ಪ. "ಇದು ಎಂಥ ಕಾಗ್ದನಮ್ಮ ಕದಿರೀ?"

ಅತ್ತೆ ಒಲೆಯ ಮುಂದಿನಿಂದಲೇ, "ದೊರೆಸಾನಿ ಕೊಟ್ಳು" ಎಂದಳು.

"ಬರೆಯಾಕೆ ಬತ್ತದಾ?"

"ಬಂದೀತು."

ಅಪ್ಪನಿಗೆ ರಾಮಕೋಟಿ ಬರೆಯುವ ಆಸೆ ಬಹಳ ವರ್ಷದ್ದು. ನಮ್ಮ ಕಡೆ, ಆಂಧ್ರದ ಮಗ್ಗುಲಾದ್ದರಿಂದ, ಮನೆಗೊಬ್ಬ ಮುದುಕನಾದರೂ ರಾಮನ ಹೆಸರು ಬರೆಯುತ್ತ ಕೂತಿರುತ್ತಾನೆ. ಕೋಟಿ ಎಂಬುದು ಹೆಸರಿಗೆ, ಅವರವರ ಶಕ್ತಿ ಇದ್ದಷ್ಟು. ಅಪ್ಪನ ಸಂಕಲ್ಪ ಮೂರು ಲಕ್ಷ. ನೋಟುಬುಕ್ಕು ಕೊಳ್ಳುವ ತಾಕತ್ತಿಲ್ಲದೆ ಮುಂದೂಡಿಕೊಂಡೇ ಬಂದಿದ್ದ. ಈಗ ನೋಡಿದರೆ ಎಲ್ಲೂ ಕಡಿಯದ ಉದ್ದನೆಯ ಕಾಗದ, ಹಾಲಿನಂತೆ ಬಿಳಿ, ಮೇಲೆ ಕರ್ಪೂರದ ವಾಸನೆ, ಅದೂ ತಾನಾಗಿ ತಂಗಿಯ ತಲೆಯ ಮೇಲೆ ಮನೆಗೆ ಬಂದಿದೆ! ರಾಮನೇ ಕಳಿಸಿದ ಎಂದ. ಮುಂದಿನ ಶನಿವಾರ ತಲೆಗೆ ನೀರು ಹಾಕಿಕೊಂಡು, ಮಣೆಯ ಮೇಲೆ ಕೂತು, ಒರಟು ಮಗ್ಗುಲಿನಲ್ಲಿ ಶಾಯಿಯ ಲೇಖನಿಯಿಂದ ಶ್ರೀರಾಮ ಎಂದು ಬರೆದ. ಒಂದೊಂದು ಚೌಕಕ್ಕೆ ಐವತ್ತು ನಾಮ ಹಿಡಿಯುತ್ತಿತ್ತು. ಬರೆದ ಸುರುಳಿಗೆ ಅರಿಶಿನದ ದಾರ ಕಟ್ಟಿ ದೇವರ ಗೂಡಿನಲ್ಲಿಡುತ್ತಿದ್ದ.

ನನಗೆ ನಗು ಬಂತೋ ಭಯವಾಯಿತೋ ಗೊತ್ತಿಲ್ಲ. ಅತ್ತೆಗೆ ಮಾತ್ರ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಹೇಳಿದರೆ ಅವಳ ಕೆಲಸದ ಬಣ್ಣವೂ ಬಯಲಾಗುತ್ತದೆ, ಒಲೆ ಬಿಟ್ಟೇಳಬೇಕು. ಹೇಳದಿದ್ದರೆ ಅಣ್ಣ ದಿನವೂ ಅದರ ಮೇಲೆ ದೇವರ ಹೆಸರು ಬರೆಯುತ್ತಾನೆ, ಕುಂಕುಮ ಇಡುತ್ತಾನೆ, ಮಂಗಳಾರತಿ ಎತ್ತುತ್ತಾನೆ. ಅಪ್ಪ ಬರೆಯಲು ಕೂತರೆ ಅವಳು ಪೊರಕೆ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದಳು. ಗುಡಿಸಿದ ಕೊಟ್ಟಿಗೆಯನ್ನೇ ಮತ್ತೆ ಗುಡಿಸುತ್ತಿದ್ದಳು.

ಒಂದು ದಿನ ಬಾವಿಯ ಹತ್ತಿರ ಕೇಳಿಯೇಬಿಟ್ಟೆ. "ಅತ್ತೇ, ಪಾಪ ಬತ್ತದಲ್ವಾ? ಅಪ್ಪನಿಗೆ ಏಳ್ಬಿಡ್ಲಾ?"

ಅವಳು ಹಗ್ಗ ಸೇದುವುದನ್ನು ನಿಲ್ಲಿಸಲಿಲ್ಲ. "ಏಳು. ಏಳಾದ್ಮೇಲೆ ನಾನೆಲ್ಲಿಗೆ ಓಗ್ಲಿ, ಅದ್ನೂ ಏಳು."

ನಾನು ತುಂಬಿದ ಕೊಡ ಎತ್ತಿಕೊಂಡು ಮನೆಗೆ ನಡೆದೆ. ಹೀಗೆ ಎರಡು ವರ್ಷ, ಹತ್ತು ಸುರುಳಿ ತುಂಬಿದವು.

೧೯೫೯ರ ಮಾಘದಲ್ಲಿ ಕುಪ್ಪುಸ್ವಾಮಿ ಬಂದ. ಮಗಳ ಮದುವೆ, ಹಳೆಯ ಪರಿಚಯದವರನ್ನೆಲ್ಲ ಹುಡುಕಿ ಕರೆಯುತ್ತಿದ್ದಾನೆ. ತಾಂಬೂಲದ ತಟ್ಟೆ ಹಿಡಿದು ನಡುಮನೆಗೆ ಬಂದು ಕೂತ. ಅಮ್ಮ ಮಜ್ಜಿಗೆ ಕೊಟ್ಟಳು. ಅಪ್ಪ ಆಗಷ್ಟೇ ಬರೆಯುವುದನ್ನು ಮುಗಿಸಿ ಸುರುಳಿ ಸುತ್ತುತ್ತಿದ್ದ. ಕುಪ್ಪುಸ್ವಾಮಿ ನೋಡಿದ. ಗೂಡಿನಲ್ಲಿ ಹೂವಿಟ್ಟ ಒಂಬತ್ತು ಸುರುಳಿಗಳನ್ನೂ ನೋಡಿದ. ಬಾಯಿಗೆ ಹೋಗಿದ್ದ ಮಜ್ಜಿಗೆ ಮೂಗಿನಲ್ಲಿ ಬಂತು.

"ಅಯ್ಯಯ್ಯೋ! ಕಡವುಳೇ! ಇದನ್ನಾ ಪೂಜೆ..." ಎಂದವನು ಅತ್ತೆಯ ಮುಖ ಕಂಡು ತಟ್ಟನೆ ನಿಲ್ಲಿಸಿದ. ಅವಳು ಅಡುಗೆ ಮನೆಯ ಬಾಗಿಲಲ್ಲಿ ಹಿಟ್ಟಿನ ಕೋಲು ಹಿಡಿದು ನಿಂತಿದ್ದಳು. ಕುಪ್ಪುಸ್ವಾಮಿ ಕೆಟ್ಟವನಲ್ಲ. "ಒಂದೂ ಇಲ್ಲೆ ಅಯ್ಯಾ, ಒಳ್ಳೆ ಪೇಪರ್, ಸೀಮೆ ಪೇಪರ್" ಎಂದು ಎದ್ದೇ ನಿಂತ. ಆದರೆ ಬೆಂಕಿಯಿಲ್ಲದೆ ಹೊಗೆಯೇಳುವುದಿಲ್ಲ ಎಂಬುದು ನಮ್ಮಪ್ಪನಿಗೂ ಗೊತ್ತು.

"ಇದೇನು ಕಾಗ್ದ? ಏಳಯ್ಯಾ" ಎಂದ. ಕುಪ್ಪುಸ್ವಾಮಿ ಬಾಗಿಲ ಕಡೆ ನಡೆದ. ಅಪ್ಪ ನನ್ನ ಕಡೆ ತಿರುಗಿದ. "ರತ್ನೀ, ನೀನು ಆ ಬಂಗ್ಲೆಗೆ ಓಗಿದ್ಯಲ್ಲ. ಅಲ್ಲಿ ಇದ್ನ ನೋಡಿದ್ಯಾ?"

"ಇಲ್ಲಪ್ಪಾ. ನಂಗೊತ್ತಿಲ್ಲ" ಎಂದೆ.

ಅತ್ತೆಯನ್ನು ಕಾಪಾಡಲು ಹಾಗೆ ಹೇಳಿದೆ ಎಂದು ಮದುವೆಯಾಗುವ ತನಕ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಲ್ಲ. ಗೊತ್ತಿದ್ದೂ ಮುಚ್ಚಿಟ್ಟೆ ಎಂದು ನನಗೆಲ್ಲಿ ಏಟು ಬೀಳುತ್ತದೋ ಎಂದು ಹೇಳಿದೆ.

ಅಪ್ಪ ತಂಗಿಯನ್ನು ಕೇಳಿದ. ಅವಳು ಕೋಲನ್ನು ಗೋಡೆಗೆ ಒರಗಿಸಿದಳು.

"ದೊರೆಗಳು ಕುಂಡಿ ಒರೆಸ್ಕೊಳ್ಳೋ ಕಾಗ್ದ ಅಣ್ಣಾ. ಇವು ಒಸಾವು, ಯಾರೂ ಮುಟ್ಟಿದ್ದಲ್ಲ. ಒರೆಸಿದ್ದನ್ನ ನಾನೇ ಎತ್ತಿ ಸುಡ್ತಿದ್ದೆ. ಪಾತ್ರೇನೂ ನಾನೇ ಎತ್ತುತಿದ್ದೆ. ಅಂಡೆಗೂ ಉರಿ ಆಕ್ತಿದ್ದೆ, ಅದು ಸುಳ್ಳಲ್ಲ."

ಅಷ್ಟನ್ನೂ ಅವಳು ಸಂತೆಯಿಂದ ತಂದ ಸಾಮಾನು ಒಪ್ಪಿಸುವಂತೆ ಒಪ್ಪಿಸಿದಳು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಅಪ್ಪನೂ ಕೂಗಾಡಲಿಲ್ಲ. ಅಮ್ಮ ಒಳಗೆ ಹೋಗಿ ಒಲೆಯ ಮೇಲಿದ್ದ ಮುದ್ದೆಯ ಪಾತ್ರೆಯನ್ನು ಇಳಿಸಿ, ದನಗಳ ಕಲಗಚ್ಚಿನ ಬಾನಿಗೆ ಸುರಿದು ಬಂದಳು. ಅಂದು ನಾವೆಲ್ಲ ಸಂಜೆಯ ತನಕ ಉಪವಾಸ.

ಮರುದಿನ ಅಪ್ಪ ಬೂದಿಕೋಟೆಗೆ ಹೋಗಿ ಪುರೋಹಿತರನ್ನು ಕೇಳಿದ. ಅವರು ಬಹಳ ಹೊತ್ತು ಯೋಚಿಸಿ, ನಾಮ ಬಿದ್ದ ಮೇಲೆ ಅದು ಕಾಗದವಲ್ಲ, ರಾಮನೇ, ಪಂಚಗವ್ಯ ಪ್ರೋಕ್ಷಣೆ ಮಾಡಿ ಮುಂದುವರಿಸು ಎಂದರಂತೆ. ಉಳಿದ ಹದಿನಾಲ್ಕು ಖಾಲಿ ಸುರುಳಿಗಳಿಗೂ ಅದೇ ಪ್ರೋಕ್ಷಣೆಯಾಯಿತು. ಅಪ್ಪನ ಮುಖ ಅರಳಿತು. ಎರಡು ವರ್ಷದ ಪುಣ್ಯ ನೀರಿಗೆ ಹೋಗಲಿಲ್ಲವಲ್ಲ!

"ಅತ್ತೆಗೂ ಒಂದು ಸೌಟು ಚಿಮುಕಿಸಿದ್ರೆ ಆಗ್ತಿರ್ಲಿಲ್ವಾ?" ಎಂದು ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಕೇಳಿಸಿಕೊಳ್ಳುವವರು ಇಲ್ಲ. ಅಮ್ಮ ಒಮ್ಮೆ ಕೇಳಿದ್ದಳು ಪಾಪ. ಅಪ್ಪ, "ಕಾಗ್ದ ಯಾರೂ ಬಳಸಿದ್ದಲ್ಲ ಕಣೇ. ಕೈ ಅಂಗಲ್ಲ" ಎಂದ.

ಅತ್ತೆಯ ಚಾಪೆ ಕೊಟ್ಟಿಗೆಯ ಜಗುಲಿಗೆ ಹೋಯಿತು. ಅವಳ ತಟ್ಟೆ ಬೇರೆ, ನೀರು ಮೇಲಿನಿಂದ ಹುಯ್ಯುವುದು. ಯಾರೂ ಅವಳನ್ನು ಬೈಯಲಿಲ್ಲ, ಹೋಗು ಎನ್ನಲೂ ಇಲ್ಲ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವಳು ಜಗುಲಿಯಿಂದ ಕೈ ಚಾಚಿದಳು, ಅಂಗೈಯಲ್ಲಿ ಹುರಿಗಡಲೆ, ಬೆಲ್ಲ. ಸುತ್ತ ಯಾರೂ ಇರಲಿಲ್ಲ. ತೆಗೆದುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹಸಿವಿಲ್ಲ ಅತ್ತೇ" ಎಂದೆ.

ಅವಳು ಅದನ್ನು ತಾನೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಆ ವಾರವೇ ಬಂಗಾರಪೇಟೆಗೆ ಹೋದಳು. ಸ್ಟೇಷನ್ನಿನಲ್ಲಿ, ರೈಲು ಬದಲಾಯಿಸುವವರು ಕೂರುವ ಕೋಣೆಯ ಕಕ್ಕಸು ತೊಳೆಯುವ ಕೆಲಸ ಸಿಕ್ಕಿತು. ನನ್ನ ಮದುವೆಯ ಜವಳಿಗೆಂದು ಹೋದಾಗ ಒಮ್ಮೆ ಕಂಡಿದ್ದೆ. ಚೆನ್ನಾಗಿದ್ದೀಯಾ ಎಂದು ಕೇಳಿದ್ದಕ್ಕೆ, "ಇಲ್ಲಿ ಚೊಂಬಿನೋರೂ ಬತ್ತಾರೆ, ಪೇಪರಿನೋರೂ ಬತ್ತಾರೆ. ನಂಗೆಲ್ಲಾ ಒಂದೇ" ಎಂದಳು. ಅಲ್ಲೇ ೧೯೬೭ರಲ್ಲಿ ತೀರಿಕೊಂಡಳು. ಜೊತೆಗೆ ಕೆಲಸ ಮಾಡುತ್ತಿದ್ದವರೇ ಮಣ್ಣು ಮಾಡಿದರಂತೆ, ನಮಗೆ ತಿಳಿದದ್ದು ಹನ್ನೊಂದನೆಯ ದಿನ. ಅದನ್ನು ಹೀಗೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದೇನೆ, ಯಾಕೆಂದರೆ ನನ್ನ ಎದೆಯಲ್ಲಿ ಕೂತಿರುವುದು ಅದಲ್ಲ. ಅದಕ್ಕೂ ಐದು ವರ್ಷ ಹಿಂದಿನದು.

೧೯೬೨ರಲ್ಲಿ ಅಪ್ಪನ ಮೂರು ಲಕ್ಷ ಮುಗಿಯಿತು. ಇಪ್ಪತ್ನಾಲ್ಕು ಸುರುಳಿಗಳನ್ನೂ ಹಲಗೆಯ ಮೇಲೆ ಜೋಡಿಸಿ, ಹೂವು ಸುತ್ತಿ, ಆಂಜನೇಯನ ಗುಡಿಗೆ ಒಪ್ಪಿಸುವುದೆಂದಾಯಿತು. ಊರಿಗೆಲ್ಲ ಊಟ. ನಾನು ಗಂಡನ ಮನೆಯಿಂದ ಬಂದಿದ್ದೆ, ಏಳು ತಿಂಗಳ ಬಸುರಿ. ಅಪ್ಪ ಅತ್ತೆಗೂ ಹೇಳಿ ಕಳಿಸಿದ್ದ. ಅದು ಅವನ ದೊಡ್ಡ ಮನಸ್ಸು ಎಂದು ಊರೇ ಹೇಳಿತು. ಅತ್ತೆ ಬೆಳಗಿನ ಬಸ್ಸಿಗೆ ಬಂದಳು. ಬಾವಿಯಲ್ಲಿ ತಾನೇ ಸೇದಿಕೊಂಡರೆ ಯಾರೇನು ಅನ್ನುತ್ತಾರೋ ಎಂದು ಕೆರೆಯಲ್ಲಿ ಮಿಂದು, ಒದ್ದೆ ತಲೆಯಲ್ಲೇ, ಒಗೆದ ಸೀರೆಯಲ್ಲಿ ಬಂದು ನಿಂತಳು.

ಹಲಗೆಯನ್ನು ತಲೆಗೇರಿಸುವ ಮುಂಚೆ ಅಪ್ಪ ಅದನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದ. ಊರವರು ಸಾಲಾಗಿ ಬಂದು ಸುರುಳಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕೆಲವರು ಮೂಸಿ, ಇನ್ನೂ ಕರ್ಪೂರದ ವಾಸನೆ ಐತೆ ನೋಡು ಎನ್ನುತ್ತಿದ್ದರು. ಅದು ಎಂಥ ಕಾಗದವೆಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಅತ್ತೆ ಸಾಲಿನಲ್ಲಿ ನಿಂತಳು. ಅವಳ ಹಿಂದೆ ನಾನು.

ಅವಳ ಸರದಿ ಬಂತು. ಕೈ ಚಾಚಿದಳು. ಅಪ್ಪ ಹಲಗೆಯ ಸಮೇತ ಒಂದು ಹೆಜ್ಜೆ ಹಿಂದೆ ಸರಿದ.

"ಬ್ಯಾಡಮ್ಮ ಕದಿರೀ" ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ, ಮಗುವಿಗೆ ಹೇಳಿದಂತೆ ಹೇಳಿದ. "ಮೂರು ಲಕ್ಷ ನಾಮ ಐತೆ ಇದ್ರಾಗೆ. ದೂರದಿಂದ್ಲೇ ಕೈ ಮುಗಿ."

ಅತ್ತೆ ತನ್ನ ಕೈ ನೋಡಿಕೊಂಡಳು. ಸೆರಗಿನೊಳಗೆ ಎಳೆದುಕೊಂಡಳು. "ಆಗ್ಲಿ ಅಣ್ಣಾ" ಎಂದಳು. ಮುಖ ಯಾವತ್ತಿನಂತೆಯೇ ಇತ್ತು. ಪಕ್ಕಕ್ಕೆ ಸರಿಯಬೇಕೋ ಅಲ್ಲೇ ನಿಲ್ಲಬೇಕೋ ತಿಳಿಯದೆ ಹಾಗೇ ನಿಂತಳು. ಸಾಲು ನಿಂತಿತು. ಹಿಂದಿನಿಂದ ಯಾರೋ, "ಓಗಮ್ಮಾ ರತ್ನೀ, ಒತ್ತಾಯ್ತದೆ" ಎಂದರು.

ನಾನು ಅತ್ತೆಯನ್ನು ದಾಟಿ ಮುಂದೆ ಹೋಗಿ, ಕಾಗದ ಮುಟ್ಟಿ ಕಣ್ಣಿಗೊತ್ತಿಕೊಂಡೆ.